ಬೂಟಿಗೂ ಮಡಿ

ಬೆಂಗಳೂರಿನಲ್ಲಿರುವ ತಂಗಿಯ ಮಗ ಮ್ಯಾರಥಾನ್ ಓಡುತ್ತಾನೆ. ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆಗೆ ಹೆದರಿ ಬೆಳಗ್ಗೆ ನಾಲ್ಕು ಸುತ್ತು ಓಡಲು ಶುರುಮಾಡಿದ ನನಗೆ ಬೂಟಿನ ವಿಷಯದಲ್ಲಿ ಅವನೇ ಗುರು. ಹೋದ ಸಲ ಫೋನಿನಲ್ಲಿ, "ಮಾಮಾ, ಸುಮ್ಮ ಯಾವುದರೆ ತೊಗೋಬ್ಯಾಡ್ರಿ. ಚರ್ಮ ಇಲ್ಲದ್ದು, ಹಳೆ ಪ್ಲಾಸ್ಟಿಕ್ ಕರಗಿಸಿ ಮಾಡಿದ್ದು, ಸರ್ಟಿಫಿಕೇಟ್ ಇದ್ದದ್ದು ತೊಗೋರಿ. ರೊಕ್ಕ ಜಾಸ್ತಿ ಖರೆ, ಆದ್ರ ಕ್ಲೀನ್ ಇರ್ತದ," ಅಂದ. ಬೆಲೆ ಕೇಳಿದೆ. ಒಂಬತ್ತು ಸಾವಿರ.

ಬೆಲೆಗಿಂತ ಆ 'ಕ್ಲೀನ್' ಅನ್ನುವ ಮಾತು ತಲೆಯಲ್ಲಿ ಉಳಿಯಿತು. ನಮ್ಮ ಅಜ್ಜಿ ಅದನ್ನೇ ಮಡಿ ಅನ್ನುತ್ತಿದ್ದಳು. ನೀರು ಎಲ್ಲಿಯದು, ಯಾರು ಸೇದಿದ್ದು, ದಾರಿಯಲ್ಲಿ ಏನು ತಾಗಿತು ಎಂದು ವಿಚಾರಿಸುತ್ತಿದ್ದಳು. ಕೊಡ ಹೊತ್ತವಳ ಸೊಂಟನೋವು ಮಾತ್ರ ಆ ವಿಚಾರಣೆಯಲ್ಲಿ ಎಂದೂ ಬರಲಿಲ್ಲ. ಈಗ ಓದಿದವರೆಲ್ಲ ನಡೆಸಿರುವ 'ನೈತಿಕ ಬೂಟಿನ' ಹುಡುಕಾಟವೂ ಬಹುಮಟ್ಟಿಗೆ ಇದೇ ಮಡಿ ಅನ್ನುವುದು ನನ್ನ ತಕರಾರು. ಬೂಟಿನಲ್ಲಿ ಏನು ಬೆರೆತಿದೆ ಎಂದು ನೂರು ಸಲ ಕೇಳುತ್ತೇವೆ. ಯಾರ ಕೈ ಮಾಡಿತು, ಆ ಕೈ ಏನಾಯಿತು ಎಂದು ಕೇಳುವ ಹೊತ್ತಿಗೆ ಬಿಲ್ ಆಗಿರುತ್ತದೆ.

ಮೊದಲು ಚರ್ಮದ ಮಾತು. ಈಗಿನ ಓಟದ ಬೂಟಿನಲ್ಲಿ ಚರ್ಮ ಸಿಗುವುದೇ ಅಪರೂಪ. ಮೇಲಿನ ಜಾಳುಜಾಳಾದ ಬಟ್ಟೆ ಪಾಲಿಯೆಸ್ಟರ್, ಪಾದದ ಕೆಳಗಿನ ಮೆತ್ತನೆ ಪದರ ಇವಿಎ ಎಂಬ ಫೋಮು, ನೆಲಕ್ಕೆ ತಾಗುವುದು ರಬ್ಬರು, ಇವನ್ನೆಲ್ಲ ಹಿಡಿದಿಟ್ಟಿರುವುದು ಅಂಟು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಐನೂರು ರೂಪಾಯಿಗೆ ಸಿಗುವ ಬೂಟೂ ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ವೀಗನ್ನೇ. ಅದರ ಮೇಲೆ ಹಸಿರು ಎಲೆಯ ಮುದ್ರೆ ಒತ್ತಿ ಬೆಲೆ ಏರಿಸುವುದೆಂದರೆ ಬದನೆಕಾಯಿಗೆ 'ಮಾಂಸವಿಲ್ಲ' ಎಂದು ಚೀಟಿ ಹಚ್ಚಿದ ಹಾಗೆ. ಚರ್ಮ ಹದ ಮಾಡುವ ಉದ್ಯಮ ಸಾಚಾ ಅಂತಲ್ಲ. ವೆಲ್ಲೂರು ಸೀಮೆಯ ಪಾಲಾರ್ ನದಿಯನ್ನು ಅದು ಏನು ಮಾಡಿತೆಂಬುದು 1996ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಇದೆ. ಆದರೆ ಚರ್ಮ ಬಿಟ್ಟು ಪೆಟ್ರೋಲಿಯಂ ಹಿಡಿದ ಮಾತ್ರಕ್ಕೆ ಪಾಪ ಕಳೆಯಿತೆಂದು ನಂಬುವುದು ಬೇರೆ ವಿಷಯ.

ಮರುಬಳಕೆ ಪ್ಲಾಸ್ಟಿಕ್ಕಿನ ಕತೆಯೂ ಇಷ್ಟೇ. ಅಮೆರಿಕದ ಎಂಐಟಿ ಸಂಶೋಧಕರು 2013ರಲ್ಲಿ ಒಂದು ಜೊತೆ ಓಟದ ಬೂಟನ್ನು ಬಿಚ್ಚಿ ಲೆಕ್ಕ ಹಾಕಿದರು. 65 ಬಿಡಿಭಾಗ, 360 ಹಂತದ ಕೆಲಸ, ಒಟ್ಟು ಸುಮಾರು 14 ಕಿಲೋ ಇಂಗಾಲದ ಡೈಆಕ್ಸೈಡ್. ಅದರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಹುಟ್ಟುವುದು ಕಾರ್ಖಾನೆಯಲ್ಲಿ, ಕಾಯಿಸಿ ಅಚ್ಚು ಹೊಯ್ದು ಕತ್ತರಿಸಿ ಅಂಟಿಸುವಾಗ. ಕಚ್ಚಾಮಾಲಿನ ಪಾಲು ಅದಕ್ಕಿಂತ ಎಷ್ಟೋ ಕಡಿಮೆ. ಅಂದರೆ ಬಾಟಲಿ ಕರಗಿಸಿ ನೂಲು ತೆಗೆದರೂ ಕಲ್ಲಿದ್ದಲ ಕರೆಂಟಿನಲ್ಲಿ ನಡೆಯುವ ಆ 360 ಹಂತಗಳು ಅಲ್ಲೇ ಇರುತ್ತವೆ. ಆದರೆ ಅದೇ ಬೂಟು ಎರಡು ಪಟ್ಟು ದಿನ ಬಾಳಿದರೆ ಆ 14 ಕಿಲೋ ಎರಡು ಪಟ್ಟು ದಾರಿಯ ಮೇಲೆ ಹಂಚಿಹೋಗುತ್ತದೆ. ಈ ಸರಳ ಲೆಕ್ಕವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಬೂಟು ಮಾರುವವನು ಅದನ್ನು ಹೇಳಬೇಕೆಂದು ನಿರೀಕ್ಷಿಸುವುದೂ ತಪ್ಪೇ.

ಬಾಳಿಸುವುದು ಹೇಗೆ ಎಂದು ನಾನು ಕೇಳಿದ್ದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸಿಗುವ ಊರು, ಕೆಂಪು ಬಾಳೆಗೆ ಹೆಸರಾದದ್ದು, ಈಗ ತಾಲೂಕು ಕೇಂದ್ರ. ಮದುವೆಯೊಂದಕ್ಕೆ ಹೋಗಿದ್ದೆ. ಎಡಗಾಲಿನ ಬೂಟು ಮುಂದೆ ಬಾಯಿ ಬಿಟ್ಟಿತ್ತು. ರಸ್ತೆ ಬದಿ ಕೊಡೆಯ ಕೆಳಗೆ ಕೂತು ಮೆಟ್ಟು ಹೊಲಿಯುವವರ ಮುಂದೆ ಬಿಚ್ಚಿಟ್ಟೆ. ಅವರು ಬೂಟನ್ನು ಬಗ್ಗಿಸಿ, ಹೆಬ್ಬೆರಳಿನಿಂದ ಫೋಮನ್ನು ಒತ್ತಿ ನೋಡಿ, "ಸರ, ಇದು ಹೊಲದಿದ್ದಲ್ರಿ, ಹಚ್ಚಿದ್ದು. ಇದಕ್ಕ ದಬ್ಬಣ ಹಾಕಿದ್ರ ಸ್ಪಂಜಿನಾಗ ದಾರ ನಿಂದ್ರಂಗಿಲ್ಲ," ಅಂದರು.

ಆಮೇಲೆ ಅವರು ಮಾಡಿದ್ದನ್ನು ನೋಡುತ್ತ ಮದುವೆ ಊಟಕ್ಕೆ ತಡವಾಯಿತು. ಹಳೆ ಅಂಟನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದರು. ಡಬ್ಬಿಯಿಂದ ಸೊಲ್ಯೂಷನ್ನನ್ನು ಬೆರಳಲ್ಲೇ ತೆಗೆದು ಎರಡೂ ಕಡೆ ತೆಳ್ಳಗೆ ಸವರಿ ಬಿಸಿಲಿಗೆ ಇಟ್ಟರು. ನಾನು ಅವಸರ ಮಾಡಿದ್ದಕ್ಕೆ, "ಹಸಿ ಇದ್ದಾಗ ಕೂಡ್ಸಿದ್ರ ನಾಳಿಗೇ ಬಿಡ್ತದ. ಆರಲಿ ತಡೀರಿ," ಅಂದರು. ಆರಿದ ಮೇಲೆ ಒತ್ತಿ ಹಿಡಿದು, ಕಬ್ಬಿಣದ ಮೂರುಕಾಲಿನ ಮೇಲೆ ಸಿಕ್ಕಿಸಿ ಸುತ್ತಿಗೆಯಿಂದ ಸಣ್ಣಗೆ ಬಡಿದರು. ಬೆರಳಿನ ಹತ್ತಿರ ರಬ್ಬರು ಮೇಲೆ ಮಡಿಚಿಕೊಂಡ ಜಾಗದಲ್ಲಿ ಮಾತ್ರ ಮೇಣ ಉಜ್ಜಿದ ಕಪ್ಪು ದಾರದಿಂದ ನಾಲ್ಕು ಹೊಲಿಗೆ. ಬೆರಳ ತುದಿಗಳಲ್ಲಿ ಒಣಗಿದ ಅಂಟು ಹೆಪ್ಪುಗಟ್ಟಿ ಎರಡನೇ ಚರ್ಮದಂತಾಗಿತ್ತು. ವಾಸನೆಗೆ ತಲೆನೋವು ಬರುವುದಿಲ್ಲವೇ ಅಂದೆ. "ಸಂಜೀಕ ಥೋಡೆ ತಲಿ ಹಿಡೀತದ್ರಿ. ನಾವು ಬಯಲಾಗ ಕುಂತೀವಿ, ಗಾಳಿ ಅದ. ಒಳಗ ಕುಂತು ಮಾಡೋರ ಪಾಡೇನೋ." ಅರವತ್ತು ರೂಪಾಯಿ ತೊಗೊಂಡರು.

ಒಳಗೆ ಕೂತು ಮಾಡಿದವರ ಪಾಡು ವೈದ್ಯಶಾಸ್ತ್ರದ ಪುಸ್ತಕಗಳಲ್ಲಿದೆ. 1960ರ ದಶಕದಲ್ಲಿ ಜಪಾನಿನಲ್ಲಿ ಮನೆಯೊಳಗೆ ಕೂತು ಚಪ್ಪಲಿ ಅಂಟಿಸುತ್ತಿದ್ದವರ ಕೈಕಾಲು ಮರಗಟ್ಟತೊಡಗಿದವು. ಅಂಟಿನಲ್ಲಿದ್ದ ಎನ್-ಹೆಕ್ಸೇನ್ ಎಂಬ ದ್ರಾವಕ ನರಗಳನ್ನು ತಿಂದಿತ್ತು. ಇಟಲಿಯ ಬೂಟು ಕಾರ್ಮಿಕರಲ್ಲೂ ಅದೇ ರೋಗ ಕಂಡಿತು. ಜಗತ್ತಿನ ಕಾಲುಗಳಿಗೆ ಮೆಟ್ಟು ಮಾಡಿದವರ ಕಾಲೇ ನಡೆಯದಾಯಿತು. ಆ ಅಂಟಿನಲ್ಲಿ ಪ್ರಾಣಿಯ ಅಂಶ ಇತ್ತೋ ಇಲ್ಲವೋ ಎಂದು ಅವರ ಮುಂದೆ ನಿಂತು ಕೇಳುವ ಧೈರ್ಯ ಯಾರಿಗಿದೆ?

ನಮ್ಮ ಸೀಮೆಯಲ್ಲಿ ಕೂತು ಈ ಮಾತಾಡುವಾಗ ಮೆಟ್ಟು ಹೊಲಿಯುತ್ತಿದ್ದ ಶರಣ ಹರಳಯ್ಯನನ್ನು ದಾಟಿ ಹೋಗಲಾಗದು. ಇದೇ ಹುಮನಾಬಾದ್ ದಾರಿಯಲ್ಲಿ ಮುಂದೆ ಹೋಗಿ ಪಶ್ಚಿಮಕ್ಕೆ ತಿರುಗಿದರೆ ಅವನಿದ್ದ ಬಸವಕಲ್ಯಾಣ. ಹರಳಯ್ಯ 'ಶರಣು' ಅಂದಾಗ ಬಸವಣ್ಣ 'ಶರಣು ಶರಣಾರ್ಥಿ' ಅಂದನಂತೆ. ಆ ಹೆಚ್ಚಿನ ಒಂದು ಮಾತಿನ ಋಣ ತೀರಿಸಲು ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮ ತೆಗೆದು ಪಾದರಕ್ಷೆ ಹೊಲಿದರು, ಬಸವಣ್ಣ ಅವನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡ ಎಂಬುದು ಕತೆ. ನಾವು ಇದನ್ನು ಭಕ್ತಿಯ ಪವಾಡವೆಂದು ಹೇಳಿ ಕೈಮುಗಿದು ಮುಗಿಸುತ್ತೇವೆ. ನನಗೆ ಅದು ಮೆಟ್ಟಿನ ಬಗ್ಗೆ ಹೇಳಿದ ಅತ್ಯಂತ ಕಠೋರ ಸತ್ಯವೆಂದು ತೋರುತ್ತದೆ: ಮಾಡಿದವರ ಮೈ ಅದರಲ್ಲಿ ಇದ್ದೇ ಇರುತ್ತದೆ. ಚರ್ಮ ಮುಟ್ಟುವ ಜನರನ್ನು ಶತಮಾನಗಟ್ಟಲೆ ಊರ ಹೊರಗಿಟ್ಟ ಸಮಾಜ ಈಗ 'ಚರ್ಮ ಮುಟ್ಟದ ಬೂಟು' ಎಂದು ಹೆಮ್ಮೆ ಪಡುವಾಗ, ಪ್ರಾಣಿದಯೆ ಎಷ್ಟು, ಹಳೆ ಹೇಸಿಗೆ ಎಷ್ಟು ಎಂದು ತೂಗಿ ನೋಡಬೇಕಾಗುತ್ತದೆ. ತಂಗಿಯ ಮಗನಿಗೆ ಇದನ್ನು ಹೇಳಿದೆ. ಸಿಟ್ಟಾದ. ಅವನ ದಯೆ ನಿಜವಾದದ್ದೇ, ನನಗೆ ಗೊತ್ತು. ಆದರೂ ಮಾತು ಹಿಂತೆಗೆಯಲಿಲ್ಲ.

ದೊಡ್ಡ ಬ್ರ್ಯಾಂಡುಗಳೇ ಪಾಪಿಗಳು, ಸಣ್ಣವರು, ನಮ್ಮವರು ಪುಣ್ಯವಂತರು ಎಂಬ ಇನ್ನೊಂದು ನಂಬಿಕೆ ಇದೆ. ಮೊದಲ ಅರ್ಧಕ್ಕೆ ಕಾರಣವಿದೆ. ಇಂಡೊನೇಷ್ಯಾದಲ್ಲಿ ನೈಕಿ ಬೂಟು ಮಾಡುವ ಹೆಣ್ಣುಮಗಳೊಬ್ಬಳ ಪಗಾರದ ಚೀಟಿಯನ್ನು 1992ರಲ್ಲಿ ಕಾರ್ಮಿಕ ಹೋರಾಟಗಾರ ಜೆಫ್ ಬ್ಯಾಲಿಂಜರ್ ಅಮೆರಿಕದ 'ಹಾರ್ಪರ್ಸ್' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಗಂಟೆಗೆ 14 ಸೆಂಟ್. ಅಲ್ಲಿಂದ ಹತ್ತು ವರ್ಷಕ್ಕೂ ಮೇಲ್ಪಟ್ಟು ವಿದ್ಯಾರ್ಥಿಗಳು, ಕಾರ್ಮಿಕ ಸಂಘಗಳು ಬೆನ್ನು ಬಿಡದೆ ಹಿಡಿದದ್ದರಿಂದ 2005ರಲ್ಲಿ ನೈಕಿ ತನ್ನ ಕಾರ್ಖಾನೆಗಳ ಹೆಸರು ವಿಳಾಸ ಹೊರಹಾಕಿತು. ಕಂಪನಿಯ ಮನಸ್ಸು ತಾನಾಗಿ ಕರಗಿದ್ದಲ್ಲ. ಆದರೆ ಆ ಪಟ್ಟಿಯಿಂದಾಗಿ ಜಗಳಕ್ಕೆ ಒಂದು ವಿಳಾಸ ಸಿಕ್ಕಿತು. ತಮಿಳುನಾಡಿನ ಚೆಯ್ಯಾರ್‌ನಲ್ಲಿ ನೈಕಿಗೆ, ಆಂಧ್ರದ ತಡಾದಲ್ಲಿ ಅಡಿಡಾಸ್‌ಗೆ ಬೂಟು ಹೊಲಿಯುವವರು ಹೆಚ್ಚಾಗಿ ಸುತ್ತಲ ಹಳ್ಳಿಗಳ ಹೆಣ್ಣುಮಕ್ಕಳು ಎಂದು ನಾವು ಇಂದು ಬೊಟ್ಟು ಮಾಡಿ ಹೇಳಬಹುದು.

ಹೆಸರಿಲ್ಲದ ಬೂಟಿನ ವಿಷಯದಲ್ಲಿ ಬೊಟ್ಟು ಎತ್ತ ಮಾಡುವುದು? ಫಿಲಿಪ್ಪೀನ್ಸಿನ ವಲೆನ್ಸುವೆಲಾದಲ್ಲಿ 2015ರ ಮೇ 13ರಂದು ಕೆಂಟೆಕ್ಸ್ ಎಂಬ ಕಾರ್ಖಾನೆ ಹೊತ್ತಿ ಉರಿದು 70ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗೆಲ್ಲ ಕಬ್ಬಿಣದ ಸರಳು. ಅಲ್ಲಿ ತಯಾರಾಗುತ್ತಿದ್ದದ್ದು ಬಡವರು ಮೆಟ್ಟುವ ಅಗ್ಗದ ರಬ್ಬರ್ ಚಪ್ಪಲಿ. ಕಲಬುರಗಿಯಲ್ಲಿ 'ಫಸ್ಟ್ ಕಾಪಿ' ಹೆಸರಿನಲ್ಲಿ ಮಾರುವ ಬೂಟಿನ ಡಬ್ಬಿಗಳನ್ನು ನಾಲ್ಕಾರು ಕಡೆ ತಿರುಗಿಸಿ ನೋಡಿದೆ. ಒಂದರಲ್ಲೂ ಊರಿನ ಹೆಸರಿರಲಿಲ್ಲ.

ಮುದ್ರೆಗಳ ಮೇಲಿನ ಭರವಸೆಯೂ ಅತಿಯಾಯಿತು. ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ. ಅದು ಊರು ಹೇಳುತ್ತದೆ, ಗೊನೆ ಹೊತ್ತವನ ಕೂಲಿ ಹೇಳುವುದಿಲ್ಲ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಅದೇ ಟ್ಯಾಗ್ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಅದರಲ್ಲಿವೆ. ಆದರೂ 2025ರ ಜೂನ್‌ನಲ್ಲಿ ಇಟಲಿಯ ಫ್ಯಾಷನ್ ಕಂಪನಿ ಪ್ರಾಡಾ ಅಂಥದ್ದೇ ಚಪ್ಪಲಿಯನ್ನು ಮಿಲಾನಿನ ಪ್ರದರ್ಶನದಲ್ಲಿ ಮೂಲದ ಹೆಸರೆತ್ತದೆ ಮೆರೆಸಿತು. ಒಪ್ಪಿಕೊಂಡಿದ್ದು ಗದ್ದಲ ಎದ್ದ ಮೇಲೆ.

ಹಾಗಾದರೆ ಓಡುವವರು ಏನು ಮಾಡಬೇಕು? ಕಲಬುರಗಿಯಲ್ಲಿ ನಿಜವಾಗಿ ಓಡುವವರು ನನ್ನಂಥ ಸಕ್ಕರೆಯವರಲ್ಲ. ಬೆಳಗಿನ ಐದು ಗಂಟೆಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದ ಕಡೆ ಬಂದರೆ ಕಾಣುತ್ತಾರೆ. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕಾದ ಹುಡುಗ 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು, ಹುಡುಗಿ 400 ಮೀಟರನ್ನು ಎರಡು ನಿಮಿಷದಲ್ಲಿ. ಅವರಲ್ಲೊಬ್ಬನ ಬೂಟು ಅಣ್ಣ ಓಡಿದ್ದು. ಅಣ್ಣ ಪಾಸಾಗಲಿಲ್ಲ, ಬೂಟು ಉಳಿಯಿತು. "ನನ್ನ ಕಾಲಿಗೆ ಥೋಡೆ ದೊಡ್ಡದ್ರಿ, ಎರಡು ಸಾಕ್ಸ್ ಹಾಕ್ತೀನಿ," ಅಂದ. ಎಂಐಟಿ ಲೆಕ್ಕದಲ್ಲಿ ಇಡೀ ಮೈದಾನದ ಅತ್ಯಂತ ಹಸಿರು ಬೂಟು ಅದೇ. ಬಡತನವನ್ನು ಹಾಡಿ ಹೊಗಳಲು ಇದನ್ನು ಹೇಳುತ್ತಿಲ್ಲ. ಸೋತ ಫೋಮಿನಲ್ಲಿ ಓಡಿ ಅವನ ಮೊಣಕಾಲಿಗೆ ಪಟ್ಟಿ ಬಿದ್ದಿದೆ. ಒಂಬತ್ತು ಸಾವಿರ ಕೊಟ್ಟವನು ಮಾತ್ರ ನೀತಿವಂತ ಎಂದು ಇವನ ಮುಂದೆ ಹೇಳಲಾಗದು, ಅಷ್ಟೇ.

ಇಲ್ಲಿ ಕೊಳ್ಳುವವನೊಬ್ಬನ ಆತ್ಮಸಾಕ್ಷಿಗಿಂತ ದೊಡ್ಡ ಗಿರಾಕಿಯೊಬ್ಬರಿದ್ದಾರೆ, ಸರ್ಕಾರ. ಶಾಲಾಮಕ್ಕಳಿಗೆ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಸಾಕ್ಸ್ ಕೊಳ್ಳಲು 2022ರಲ್ಲಿ ಇಟ್ಟ ದರ ಒಂದರಿಂದ ಐದನೇ ತರಗತಿಗೆ 265 ರೂಪಾಯಿ. ಆ ದರದಲ್ಲಿ ಮಾಡಿದವರ ಕೂಲಿ ಎಷ್ಟೆಂದು ಅವನ್ನು ಕೊಳ್ಳುವ ಶಾಲಾ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಯಾರನ್ನು ಕೇಳಿಯಾರು? ನಾಳೆ ಇಂಥ ಕೆಲಸ ನಮ್ಮೂರಿಗೇ ಬರಬಹುದು: ಕಲಬುರಗಿಗೆ 2023ರಲ್ಲಿ ಪಿಎಂ ಮಿತ್ರ ಜವಳಿ ಪಾರ್ಕ್ ಘೋಷಣೆಯಾಗಿದೆ, ಸಾವಿರ ಎಕರೆ. ಅದು ತುಂಬಿಕೊಂಡ ದಿನ ಯಂತ್ರದ ಮುಂದೆ ಕೂರುವವರು ಈಗ ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಮನೆಗಳ ಮಕ್ಕಳೇ ಆಗಿರುತ್ತಾರೆ. ಲಂಡನ್ನಿನಲ್ಲೋ ಬೆಂಗಳೂರಿನಲ್ಲೋ ಒಬ್ಬ 'ಇದರಲ್ಲಿ ಮರುಬಳಕೆ ನೂಲು ಎಷ್ಟು' ಎಂದು ಕೇಳಿ ತೃಪ್ತನಾದರೆ ಅವರಿಗೇನು ಸಿಕ್ಕಿತು?

1976ರಿಂದ ಲಿಡ್‌ಕರ್ ಎಂಬ ನಿಗಮ ನಮ್ಮಲ್ಲಿದೆ, ಚರ್ಮೋದ್ಯಮದ ಕುಶಲಕರ್ಮಿಗಳಿಗಾಗಿಯೇ. ಚರ್ಮ ಹೊಲಿಯುವ ಕೈಗೆ ಫೋಮು ಅಂಟಿಸುವ ಕೆಲಸ ಬಂದು ಬಿದ್ದಿದೆ. ಕಮಲಾಪುರ, ಕಲಬುರಗಿಯ ರಸ್ತೆ ಬದಿಯವರಿಗೆ ಓಟದ ಬೂಟಿನ ಸೋಲ್ ಬದಲಿಸುವ ತರಬೇತಿ, ತಲೆ ಹಿಡಿಯದ ನೀರಿನ ಅಂಟು, ಒತ್ತುವ ಒಂದು ಪ್ರೆಸ್ಸು, ನೆರಳಿನ ಒಂದು ಗೂಡಂಗಡಿ ಕೊಟ್ಟರೆ ಯಾವ ಹಸಿರು ಮುದ್ರೆಗಿಂತಲೂ ಹೆಚ್ಚು ಕೆಲಸವಾಗುತ್ತದೆ. ನಿಗಮದವರು ಇದನ್ನು ಓದಿದರೆ ಒಂದು ದಿನ ಆ ಕೊಡೆಯ ಕೆಳಗೆ ಬಂದು ಕೂತು ನೋಡಲಿ. ಬೂಟು ಕೊಳ್ಳಲು ಹೊರಟವರು ಡಬ್ಬಿ ತಿರುಗಿಸಿ ತಯಾರಕರ ಹೆಸರು, ವಿಳಾಸ ಓದಿ. ಪ್ಯಾಕೆಟ್ ಸಾಮಾನಿನ ಮೇಲೆ ಅದನ್ನು ಅಚ್ಚು ಹಾಕಬೇಕೆಂದು 2011ರ ನಿಯಮವೇ ಇದೆ. ಇಲ್ಲದಿದ್ದರೆ ಡಬ್ಬಿಯನ್ನು ಅಲ್ಲೇ ಇಟ್ಟು ಬನ್ನಿ.