ಗಡ್ಡಪ್ಪನ ಎದುರು ಕಾಯುವ ಕ್ಯಾಮೆರಾ

ರಾಮ್ ರೆಡ್ಡಿ ನಿರ್ದೇಶನದ, ಈರೇಗೌಡರು ಬರವಣಿಗೆಯಲ್ಲಿ ಜೊತೆಗೂಡಿದ 2015ರ ‘ತಿಥಿ’ ಕಥಾಚಿತ್ರವೇ ಆದರೂ, ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ ಚಿತ್ರೀಕರಣಗೊಂಡು, ನಟನೆಯನ್ನೇ ಅರಿಯದ ಹಳ್ಳಿಗರನ್ನು ಪಾತ್ರಧಾರಿಗಳಾಗಿಸಿದ್ದರಿಂದ, ಇದ್ದ ಬದುಕನ್ನು ಇದ್ದಂತೆ ದಾಖಲಿಸುವ ಸಾಕ್ಷ್ಯಚಿತ್ರದ ಗುಣವನ್ನು ಗಾಢವಾಗಿ ಪಡೆದಿದೆ. ಸಾಕ್ಷ್ಯಚಿತ್ರಕಾರ ಎರಲ್ ಮಾರಿಸ್ 1981ರ ‘ವರ್ನನ್, ಫ್ಲಾರಿಡಾ’ ಚಿತ್ರಕ್ಕಾಗಿ ಅಮೆರಿಕದ ಪುಟ್ಟ ಊರೊಂದರ ವಿಲಕ್ಷಣರ ಮಾತನ್ನು ನಿರೂಪಕನ ಹಂಗಿಲ್ಲದೆ ಆಲಿಸಿದ ತಾಳ್ಮೆಯೇ ಇಲ್ಲಿಯೂ ಕಾಣುತ್ತದೆ. ದಾರಿಹೋಕರನ್ನು ಮೂದಲಿಸುವ ಸೆಂಚುರಿ ಗೌಡ, ಈ ತಂದೆಯ ಸಾವಿಗೂ ಆಸ್ತಿಗೂ ಕದಲದೆ ಅಲೆಯುವ ಮಗ ಗಡ್ಡಪ್ಪ ಮೊದಲು ನಗು ಉಕ್ಕಿಸುತ್ತಾರೆ. ಆದರೆ ಕುರಿಗಾಹಿಗಳ ನಡುವೆ ಕುಳಿತು ಗಡ್ಡಪ್ಪ ತನ್ನ ಹಳೆಯ ನೋವನ್ನು ಬಿಚ್ಚಿದಾಗ, ಪ್ರೇಕ್ಷಕರು ಅದುವರೆಗೆ ವಿಚಿತ್ರವೆಂದು ಕಂಡ ನಿರ್ಲಿಪ್ತತೆಯ ಕಾರಣವನ್ನು ಅರಿತು, ಅವನನ್ನು ಗೌರವದಿಂದ ನೋಡತೊಡಗುತ್ತಾರೆ.