‘ಎಂದು’ ಮತ್ತು ಎಣಿಕೆ: ಪಠ್ಯಸಂಚಯ ಆಧಾರಿತ ಸಂಶೋಧನಾ ಪ್ರಸ್ತಾವದ ಒಂದು ತೊಡಕು

ಗಣಕೀಕೃತ ಪಠ್ಯಸಂಚಯಗಳು ಭಾಷಾಂತರ ಅಧ್ಯಯನಕ್ಕೆ ಆಧಾರವಾಗಬೇಕೆಂಬ ವಾದವನ್ನು ಮೋನಾ ಬೇಕರ್ 1993ರಲ್ಲಿ ಮಂಡಿಸಿದರು. ಇಂಗ್ಲಿಷಿನ ‘ಸೇ’, ‘ಟೆಲ್’ ಕ್ರಿಯಾಪದಗಳ ನಂತರದ ‘ದಟ್’ ಬಹುಮಟ್ಟಿಗೆ ಐಚ್ಛಿಕ. ಮೂಲ ಇಂಗ್ಲಿಷ್ ಬರಹಕ್ಕಿಂತ ಅನುವಾದಿತ ಇಂಗ್ಲಿಷಿನಲ್ಲಿ ಅದರ ಬಳಕೆ ಹೆಚ್ಚೆಂದು ಮೇವ್ ಒಲೊಹನ್ ಮತ್ತು ಬೇಕರ್ 2000ದಲ್ಲಿ ತೋರಿಸಿ, ಅನುವಾದಕರಿಗೆ ಅರಿವಿಲ್ಲದೆಯೇ ನಡೆಯುವ ವಿಶದೀಕರಣವನ್ನು ಇದರಲ್ಲಿ ಸೂಚಿಸಿದರು.

ಈ ಮಾದರಿಯನ್ನು ಕನ್ನಡ ಕಾದಂಬರಿಗಳ ಇಂಗ್ಲಿಷ್ ಅನುವಾದಗಳಿಗೆ ಹಾಗೆಯೇ ಅನ್ವಯಿಸುವ ಸ್ನಾತಕೋತ್ತರ ಪ್ರಸ್ತಾವವು ಮೊದಲ ಹೆಜ್ಜೆಯಲ್ಲೇ ತೊಡಕಿಗೆ ಸಿಲುಕುತ್ತದೆ. ‘ಬರುತ್ತೇನೆ ಎಂದು ಹೇಳಿದಳು’ ಎಂಬಲ್ಲಿನ ‘ಎಂದು’ ಸಾಮಾನ್ಯವಾಗಿ ಬಿಡಲಾಗದ ಪದ. ಆದ್ದರಿಂದ ಅನುವಾದದ ‘ದಟ್’ ವಿಶದೀಕರಣದ ಫಲವೋ ಕನ್ನಡ ವಾಕ್ಯರಚನೆಯ ನೆರಳೋ ಎಂಬುದನ್ನು ಒಟ್ಟು ಎಣಿಕೆ ನಿರ್ಧರಿಸಲಾರದು. ಆ ‘ಎಂದು’ವಾದರೂ ‘ಬರುತ್ತೇನೆಂದು’ ಎಂಬಂತೆ ಸಂಧಿಯಲ್ಲಿ ಅಡಗುತ್ತದೆ, ಸಂಭಾಷಣೆಯಲ್ಲಿ ‘ಅಂತ’ ಆಗುತ್ತದೆ; ಬಿಡಿಪದವನ್ನು ಮಾತ್ರ ಹುಡುಕುವ ಯಂತ್ರಕ್ಕೆ ಇವು ಕಾಣಿಸವು.

ಹೋಲಿಕೆಯ ಸಂಚಯದ ಆಯ್ಕೆಯೂ ಸರಳವಲ್ಲ. ಶಿವಾಜಿ ವಿಶ್ವವಿದ್ಯಾನಿಲಯದಲ್ಲಿ ರೂಪುಗೊಂಡ ಕೊಲ್ಹಾಪುರ ಸಂಚಯದಲ್ಲಿ 1978ರ ಭಾರತೀಯ ಇಂಗ್ಲಿಷಿನ ಸುಮಾರು 10 ಲಕ್ಷ ಪದಗಳಿವೆ. ‘ಸಂಸ್ಕಾರ’ದ ಎ. ಕೆ. ರಾಮಾನುಜನ್ ಅನುವಾದ 1976ರದು. ಕಾಲ ಸಮೀಪವಾದರೂ, ಷಿಕಾಗೋದಲ್ಲಿ ನೆಲೆಸಿದ್ದ ಕವಿಯ ಇಂಗ್ಲಿಷಿಗೆ ಆ ಸಂಚಯವೇ ಅಳತೆಗೋಲೆಂಬುದನ್ನು ಸಮರ್ಥಿಸಬೇಕಾಗುತ್ತದೆ. ಒಬ್ಬನೇ ಅನುವಾದಕನ ರೂಢಿಯನ್ನು ಅನುವಾದದ ಸಾಮಾನ್ಯ ಲಕ್ಷಣವೆಂದು ಸಾರುವುದಂತೂ ಸಲ್ಲದು.

ಹೀಗಾಗಿ ಪ್ರಸ್ತಾವವು ಕಿರಿದಾಗಬೇಕು: ಎರಡೇ ಕ್ರಿಯಾಪದಗಳು, ಕೆಲವೇ ಅನುವಾದಕರು, ಪ್ರತಿ ವಾಕ್ಯಕ್ಕೂ ಮೂಲದೊಡನೆ ಮುಖಾಮುಖಿ. ಮೂಲದಲ್ಲಿ ‘ಎಂದು’ ಇದ್ದೂ ‘ದಟ್’ ಕೈಬಿಟ್ಟ ಸ್ಥಳಗಳನ್ನು ಮೊದಲು ಪರಿಶೀಲಿಸಬೇಕು. ಮೂಲದ ಒತ್ತಡವನ್ನು ಮೀರಿದ ಆಯ್ಕೆ ಸ್ಪಷ್ಟವಾಗುವುದು ಅಲ್ಲಿಯೇ.