ಖರ್ಚಾಗದ ಗ್ಯಾಸನ್ನು ತುಂಬಿಸುವ ರೂಢಿ

ಮಾರ್ಚ್ ಬಂತೆಂದರೆ ಎಸಿ ಮೆಕ್ಯಾನಿಕ್‌ಗಳಿಗೆ ಪುರುಸೊತ್ತಿಲ್ಲ. ಕಲಬುರಗಿ, ರಾಯಚೂರಿನ ಕಡೆಯಂತೂ ಕೇಳುವುದೇ ಬೇಡ. ದೂರು ಒಂದೇ, ಕೂಲಿಂಗ್ ಇಲ್ಲ. ಉತ್ತರವೂ ಬಹುತೇಕ ಒಂದೇ, ‘ಗ್ಯಾಸ್ ಕಮ್ಮಿಯಾಗಿದೆ ಸಾರ್, ತುಂಬಿಸಬೇಕು.’ ಒತ್ತಡ ಅಳೆಯುವ ಗೇಜ್ ಸಿಕ್ಕಿಸುತ್ತಾರೆ, ಸಿಲಿಂಡರ್ ತಿರುವುತ್ತಾರೆ, ಅರ್ಧ ಗಂಟೆಯಲ್ಲಿ ತಣ್ಣನೆ ಗಾಳಿ ಬರುತ್ತದೆ. ಮುಂದಿನ ಬೇಸಿಗೆಗೆ ಮತ್ತದೇ ಕಥೆ.

ಆದರೆ ಎಸಿಯ ಗ್ಯಾಸ್ ಓಡಿದಷ್ಟೂ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಅಷ್ಟೇ ಗ್ಯಾಸ್ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಈಗಿನ ಎಸಿಗಳಲ್ಲಿ ಹೆಚ್ಚಾಗಿ ಇರುವ ಆರ್-32, ಹೊರಗಿನ ಗಾಳಿಯ ಒತ್ತಡದಲ್ಲಿ ಸೊನ್ನೆಗಿಂತ ಸುಮಾರು 52 ಡಿಗ್ರಿ ಕೆಳಗೇ ಕುದಿಯುವ ದ್ರವ. ಕೋಣೆಯೊಳಗಿನ ಕಾಯಿಲ್‌ನಲ್ಲಿ ಅದು ಆವಿಯಾಗುವಾಗ ಕೋಣೆಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ. ಹೊರಗಿನ ಕಾಯಿಲ್ ಆ ಬಿಸಿಯನ್ನು ಬೀದಿಗೆ ಬಿಟ್ಟು ಆವಿಯನ್ನು ಮತ್ತೆ ದ್ರವವಾಗಿಸುತ್ತದೆ. ಅಲ್ಲಿಂದ ಕಿರಿದಾದ ದಾರಿಯೊಂದರಲ್ಲಿ ನುಗ್ಗುವಾಗ ಒತ್ತಡ ಇಳಿದು ದ್ರವ ತಣ್ಣಗಾಗುತ್ತದೆ. ಈ ಸುತ್ತಿನಲ್ಲಿ ಗ್ಯಾಸ್ ಕಮ್ಮಿಯಾಗಿದೆ ಎಂದರೆ ಎಲ್ಲೋ ತೂತಿದೆ ಎಂದೇ ಅರ್ಥ. ತೂತು ಹುಡುಕದೆ ತುಂಬಿಸುವುದು, ಪಂಕ್ಚರ್ ಹಾಕಿಸದೆ ಸೈಕಲ್‌ಗೆ ದಿನಾ ಗಾಳಿ ಹೊಡೆಸಿದ ಹಾಗೆ.

ಇನ್ನೂ ಕೆಟ್ಟದ್ದೆಂದರೆ, ಎಷ್ಟೋ ಸಲ ಗ್ಯಾಸ್ ಸರಿಯಾಗಿಯೇ ಇರುತ್ತದೆ. ಫಿಲ್ಟರ್‌ನಲ್ಲಿ ಧೂಳು ಕಟ್ಟಿಕೊಂಡರೆ ಕಾಯಿಲ್ ಮೇಲೆ ಗಾಳಿ ಹಾಯುವುದಿಲ್ಲ. ಒಳಗಿನ ದ್ರವಕ್ಕೆ ಬಿಸಿ ಸಾಲದೆ ಒತ್ತಡ ಇಳಿಯುತ್ತದೆ, ಕಾಯಿಲ್ ಮೇಲೆ ಐಸ್ ಕಟ್ಟುತ್ತದೆ. ಗ್ಯಾಸ್ ಸೋರಿದಾಗಲೂ ಇದೇ ಲಕ್ಷಣ! ಗೇಜ್ ಎರಡಕ್ಕೂ ಮುಳ್ಳನ್ನು ಕೆಳಗೇ ತೋರಿಸುತ್ತದೆ. ಅದನ್ನೊಂದೇ ನಂಬಿ ತುಂಬಿಸಿದರೆ ಗ್ಯಾಸ್ ಹೆಚ್ಚಾಗುತ್ತದೆ, ಆವಿಯಾಗದ ದ್ರವ ಕಂಪ್ರೆಸರ್‌ಗೇ ನುಗ್ಗಿ ಅದನ್ನು ಹಾಳುಗೆಡವಬಹುದು. ಇನ್ವರ್ಟರ್ ಎಸಿಯಲ್ಲಂತೂ ಕಂಪ್ರೆಸರ್ ವೇಗ ಬದಲಾದಂತೆ ಮುಳ್ಳೂ ಆಡುತ್ತಿರುತ್ತದೆ. ಅದರ ಮಾತು ಕಟ್ಟಿಕೊಂಡು ಏನು ನಿರ್ಧರಿಸುವುದು?

ಸರಿಯಾದ ಕ್ರಮ ಬೇರೆಯೇ ಇದೆ. ಮೊದಲು ಫಿಲ್ಟರ್, ಕಾಯಿಲ್ ತೊಳೆಯಬೇಕು. ಸೋರುವ ಅನುಮಾನವಿದ್ದರೆ ನೈಟ್ರೋಜನ್ ತುಂಬಿ, ಪೈಪಿನ ಜಾಯಿಂಟ್‌ಗಳಿಗೆ ಸೋಪು ನೀರು ಹಚ್ಚಿ ಗುಳ್ಳೆ ಎಲ್ಲೇಳುತ್ತದೆಂದು ನೋಡಬೇಕು. (ಕರಾವಳಿಯಲ್ಲಿ ಉಪ್ಪುಗಾಳಿ ಹೊರಗಿನ ಕಾಯಿಲ್ಲನ್ನೇ ತಿನ್ನುತ್ತದೆ, ಅಲ್ಲಿ ಜಾಯಿಂಟ್ ಮಾತ್ರ ನೋಡಿದರೆ ಸಾಲದು.) ರಿಪೇರಿಯಾದ ಮೇಲೆ ವ್ಯಾಕ್ಯೂಮ್ ಪಂಪ್ ಹಚ್ಚಿ ಗಾಳಿ, ತೇವ ಎರಡನ್ನೂ ಹೊರಗೆಳೆಯಬೇಕು, ತೇವ ಉಳಿದರೆ ಒಳಗಿನ ಎಣ್ಣೆ ಕೆಟ್ಟು ಆಮ್ಲವಾಗುತ್ತದೆ. ಕೊನೆಗೆ ಎಸಿಯ ಮೇಲಿನ ಚೀಟಿಯಲ್ಲಿ ಬರೆದಷ್ಟು ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ಹಾಕಬೇಕು.

ನಡೆಯುವುದು ಬೇರೆ. ಪಂಪ್ ಗಾಡಿಯಲ್ಲೇ ಉಳಿಯುತ್ತದೆ, ಪೈಪಿನ ಗಾಳಿಯನ್ನು ಗ್ಯಾಸಿನಿಂದಲೇ ಊದಿ ಓಡಿಸುತ್ತಾರೆ. ಹಾಗೆ ಹೊರಹೋಗುವ ಒಂದು ಕಿಲೋ ಆರ್-32, ಭೂಮಿಯನ್ನು ಬಿಸಿ ಮಾಡುವುದರಲ್ಲಿ ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಹಳೆಯ ಎಸಿಗಳ ಆರ್-22 ಅದರ ಎರಡೂವರೆ ಪಟ್ಟಿಗಿಂತ ಹೆಚ್ಚು, ಜೊತೆಗೆ ಓಝೋನ್ ಪದರಕ್ಕೂ ಏಟು. ಆರ್-32 ಅಲ್ಪಸ್ವಲ್ಪ ಬೆಂಕಿ ಹಿಡಿಯುವ ಗ್ಯಾಸ್ ಎಂಬುದನ್ನೂ ಮರೆಯುವಂತಿಲ್ಲ.

ಬರೀ ಮೆಕ್ಯಾನಿಕ್‌ನನ್ನು ದೂರಿದರೆ ಅನ್ಯಾಯವಾದೀತು. ನೈಟ್ರೋಜನ್ ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತಿ, ಎರಡು ಮೂರು ತಾಸು ಲೀಕ್ ಹುಡುಕಿದ ಕೂಲಿ ಕೇಳಿದರೆ ನಾವು ಚೌಕಾಸಿಗೆ ಇಳಿಯುತ್ತೇವೆ. ಗ್ಯಾಸ್ ಎಂದರೆ ಮಾತಿಲ್ಲದೆ ಸಾವಿರಗಳನ್ನು ಎಣಿಸುತ್ತೇವೆ. ಎಷ್ಟು ಗ್ರಾಂ ಹಾಕಿದಿರಿ ಎಂದು ಕೇಳುವವರೂ ಕಮ್ಮಿ. ಅದನ್ನು ಬರೆದ ಬಿಲ್ಲನ್ನು ನಾನಂತೂ ಇದುವರೆಗೆ ಕಂಡಿಲ್ಲ.